ತೀವ್ರ ನಿಗಾ ಘಟಕದ ಬಾಗಿಲಲ್ಲಿ ತಂದೆ-ತಾಯಿ

ಜಯನಗರದ ಪೂರ್ವ ಭಾಗದಿಂದ ಹೊಸೂರು ರಸ್ತೆಯವರೆಗಿನ ಪ್ರದೇಶ ಕರ್ನಾಟಕದಲ್ಲಿ ಗಾಯಾಳುಗಳ ಚಿಕಿತ್ಸೆಗೆ ಇರುವ ಮುಖ್ಯ ನೆಲೆಗಳಲ್ಲಿ ಒಂದು. ಅಪಘಾತ ಮತ್ತು ಮೂಳೆ ಚಿಕಿತ್ಸೆಗೆ ಮೀಸಲಾದ ಸಂಜಯ್ ಗಾಂಧಿ ಸಂಸ್ಥೆ, ಮಿದುಳಿನ ಶಸ್ತ್ರಚಿಕಿತ್ಸೆಯನ್ನೂ ಮನೋವೈದ್ಯವನ್ನೂ ಒಂದೇ ಆವರಣದಲ್ಲಿ ಇರಿಸಿಕೊಂಡಿರುವ ನಿಮ್ಹಾನ್ಸ್, ಅದರ ನೆರೆಯಲ್ಲೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಇವೆಲ್ಲ ಹತ್ತಿರ ಹತ್ತಿರದಲ್ಲಿವೆ. ಬನ್ನೇರುಘಟ್ಟ ರಸ್ತೆ, ಜೆ.ಪಿ. ನಗರ, ಬನಶಂಕರಿಗಳ ಕಡೆ ಖಾಸಗಿ ಆಸ್ಪತ್ರೆಗಳು ಅನೇಕ. ತಾರಸಿಯಿಂದ ಬಿದ್ದ, ಸ್ಕೂಟರಿನಿಂದ ಎಸೆಯಲ್ಪಟ್ಟ, ಶಾಲೆಯ ದಾರಿಯಲ್ಲಿ ವಾಹನ ತಾಗಿದ ಮಕ್ಕಳು ಈ ಕಟ್ಟಡಗಳ ಒಳಗಿರುತ್ತಾರೆ, ಅವರ ತಂದೆ-ತಾಯಂದಿರು ಹೊರಗಿನ ಬೆಂಚುಗಳಲ್ಲಿ, ಮೆಟ್ಟಿಲುಗಳಲ್ಲಿ, ಚಾಪೆ ಹಾಸಿದ ಮೊಗಸಾಲೆಗಳಲ್ಲಿ ಇರುತ್ತಾರೆ. ಹೊರಗಿನ ಆ ಕಾಯುವಿಕೆಯೇ ಈ ಸಂವಾದದ ವಿಷಯ. ಮಾತನಾಡುವವರು ಇಬ್ಬರು: ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ವೈದ್ಯೆ, ಮತ್ತು ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತರಾದ ಅಧ್ಯಾಪಕರು.

ಅಧ್ಯಾಪಕರು: ಡಾಕ್ಟರಮ್ಮ, ಈ ವಿಷಯದಲ್ಲಿ ಮೊದಲು ಎದ್ದು ಕಾಣುವ ವಿರೋಧ ಒಂದಿದೆ. ಸಾಮಾನ್ಯ ವಾರ್ಡಿನಲ್ಲಿ ಮಗುವನ್ನು ದಾಖಲು ಮಾಡಿಕೊಳ್ಳಬೇಕಾದರೆ ಜೊತೆಗೆ ಅಟೆಂಡರ್ ಒಬ್ಬರು ಇರಲೇಬೇಕು ಎಂದು ಆಸ್ಪತ್ರೆ ಹೇಳುತ್ತದೆ. ಬೆಂಗಳೂರಿನ ಆಸ್ಪತ್ರೆಗಳ ರೂಢಿಯಲ್ಲಿ ಅಟೆಂಡರ್ ಎಂದರೆ ನೌಕರನಲ್ಲ, ರೋಗಿಯ ಕಡೆಯವರು. ಅಲ್ಲಿ ತಾಯಿ ಮಗುವಿನ ಮಂಚದಲ್ಲೇ ಮಗ್ಗುಲಾಗುತ್ತಾಳೆ, ಡ್ರಿಪ್ ಮುಗಿಯುತ್ತಾ ಬಂದದ್ದನ್ನು ನೋಡಿ ಸಿಸ್ಟರನ್ನು ಕರೆಯುತ್ತಾಳೆ, ಔಷಧ ಕುಡಿಸುತ್ತಾಳೆ, ಬಟ್ಟೆ ಬದಲಿಸುತ್ತಾಳೆ. ಅದೇ ಮಗುವಿನ ಸ್ಥಿತಿ ಬಿಗಡಾಯಿಸಿ ಐಸಿಯುಗೆ ಸಾಗಿಸಿದೊಡನೆ ಅದೇ ತಾಯಿ ಸೋಂಕು ತರುವವಳೂ ಕೆಲಸಕ್ಕೆ ಅಡ್ಡಿಯಾಗುವವಳೂ ಆಗಿ, ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ಒಳಗೆ ಬಿಡಬೇಕಾದವಳಾಗುತ್ತಾಳೆ. ಮಗುವಿಗೆ ತಾಯಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಆಸ್ಪತ್ರೆಗೆ ಅವಳು ಬೇಡವಾಗುವುದಕ್ಕೆ ವೈದ್ಯಶಾಸ್ತ್ರದಲ್ಲಿ ಏನು ಆಧಾರವಿದೆ?

ವೈದ್ಯೆ: ಆಧಾರ ಸ್ವಲ್ಪ ಇದೆ ಮೇಷ್ಟ್ರೇ, ಅಭ್ಯಾಸ ಬಹಳ ಇದೆ. ತೀವ್ರ ನಿಗಾ ಘಟಕ ಹುಟ್ಟಿದ ಬಗೆಯನ್ನು ನೋಡಿದರೆ ಇದು ತಿಳಿಯುತ್ತದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ಹರಡಿದಾಗ, ಉಸಿರಾಟದ ಸ್ನಾಯುಗಳು ಸೋತ ಮಕ್ಕಳು ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ಆಗಸ್ಟ್ ತಿಂಗಳ ಕೊನೆಯಲ್ಲಿ 12 ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಅದುಮುತ್ತಾ ಗಾಳಿಯನ್ನು ಒಳಗೆ ಕಳಿಸಿದರು, ಹುಡುಗಿ ಬದುಕಿದಳು. ಆಮೇಲೆ ಸುಮಾರು 1,500 ವೈದ್ಯಕೀಯ ಮತ್ತು ದಂತವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ಪಕ್ಕದಲ್ಲಿ ಕುಳಿತು, ಹಗಲೂ ರಾತ್ರಿ ಆ ಚೀಲಗಳನ್ನು ಅದುಮಿದರು. ಮುಂದಿನ ವರ್ಷ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಒಂದು ಘಟಕ ತೆರೆದರು. 1955ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಗೋರನ್ ಹಾಗ್ಲುಂಡ್ ಮಕ್ಕಳಿಗಾಗಿ ಪ್ರತ್ಯೇಕ ಘಟಕವನ್ನು ಆರಂಭಿಸಿದರು. ಹಾಸಿಗೆಯ ಪಕ್ಕದಿಂದ ಕದಲದೆ ಕೂರುವ ಒಬ್ಬ ಮನುಷ್ಯನೇ ಈ ಘಟಕದ ಮೊದಲ ವೆಂಟಿಲೇಟರ್. ಚೀಲ ಅದುಮುವ ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೆ ಪಕ್ಕದಲ್ಲಿ ಕೂರುವವರಿಗೆ ಸ್ಥಳವಿಲ್ಲದಾಯಿತು.

ಅಧ್ಯಾಪಕರು: ಅಂದರೆ ಜಾಗರಣೆಯಿಂದಲೇ ಹುಟ್ಟಿದ ಕೋಣೆಯಿಂದ ಜಾಗರಣೆ ಮಾಡುವವರನ್ನು ಹೊರಗಿಟ್ಟಂತಾಯಿತು. ಆದರೆ ಸೋಂಕಿನ ಭಯವನ್ನು ಸುಮ್ಮನೆ ತಳ್ಳಿಹಾಕಲಾಗದಲ್ಲ? ಒಳಗೆ ಹತ್ತು ಮಕ್ಕಳಿದ್ದರೆ ಹತ್ತು ಮನೆಗಳವರು ನುಗ್ಗುತ್ತಾರೆ, ಊರಿನಿಂದ ಬಂದ ಬಂಧುಗಳೆಲ್ಲ ಒಮ್ಮೆ ನೋಡಿಬಿಡುತ್ತೇವೆ ಎನ್ನುತ್ತಾರೆ.

ವೈದ್ಯೆ: ಬಂಧುಗಳ ಗುಂಪು ಬೇರೆ, ಕೈ ತೊಳೆದು ಮಗುವಿನ ಪಕ್ಕದಲ್ಲಿ ಕೂರುವ ಒಬ್ಬ ತಾಯಿ ಅಥವಾ ತಂದೆ ಬೇರೆ, ಎರಡನ್ನೂ ಒಂದೇ ನಿಯಮದಿಂದ ತಡೆಯುವುದೇ ತಪ್ಪು. ಸೋಂಕು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೆಚ್ಚಾಗಿ ಹೋಗುವುದು ಹಾಸಿಗೆಯಿಂದ ಹಾಸಿಗೆಗೆ ಓಡಾಡುವ ಕೈಗಳ ಮೂಲಕ, ಅಂದರೆ ವೈದ್ಯರ, ದಾದಿಯರ ಕೈಗಳ ಮೂಲಕ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎತ್ತಿ ತೋರಿದ ಸಂಗತಿಯೇ ಇದು. ತಾಯಿ ಮುಟ್ಟುವುದು ಒಂದೇ ಮಗುವನ್ನು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನವಜಾತ ಶಿಶುಗಳ ಘಟಕದಿಂದ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಹಳ ಕಡಿಮೆ ತೂಕದ ಶಿಶುಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನ ಶಿಶುಗಳನ್ನು ಸ್ಥಿತಿ ಸುಧಾರಿಸುವವರೆಗೆ ಎಂದಿನಂತೆ ತಾಯಿಯಿಂದ ಬೇರೆ ಇರಿಸಿ ನೋಡಿಕೊಂಡರು. ಇನ್ನೊಂದು ಗುಂಪಿನ ತಾಯಂದಿರಿಗೆ ಘಟಕದ ಒಳಗೇ ಮಂಚ ಹಾಕಿಕೊಟ್ಟು, ಹುಟ್ಟಿದ ಹೊತ್ತಿನಿಂದಲೇ ಶಿಶುವನ್ನು ಎದೆಗೆ ಅಪ್ಪಿಕೊಂಡಿರಲು ಬಿಟ್ಟರು. ತಾಯಿ ಒಳಗಿದ್ದ ಗುಂಪಿನಲ್ಲಿ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತು, ಸೋಂಕಿನ ಶಂಕೆಯೂ ಕಡಿಮೆಯಾಯಿತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ಕಿಲೋ ತೂಗದ ಶಿಶುವಿಗೆ ಸಂದದ್ದು ತಲೆಗೆ ಪೆಟ್ಟು ಬಿದ್ದ ಎಂಟು ವರ್ಷದ ಮಗುವಿಗೂ ಹಾಗೆಯೇ ಸಲ್ಲುತ್ತದೆ ಎಂದು ಈ ಪ್ರಯೋಗ ಹೇಳುವುದಿಲ್ಲ. ಅದು ತೋರಿಸಿಕೊಡುವುದು ಇಷ್ಟನ್ನು: ತಾಯಿ ಒಳಗೆ ಬಂದರೆ ಸೋಂಕು ಹೆಚ್ಚುತ್ತದೆ ಎಂಬ ಮಾತನ್ನು ಪರೀಕ್ಷೆಗೆ ಒಡ್ಡಿದಾಗ, ಅದು ಅತ್ಯಂತ ದುರ್ಬಲ ಶಿಶುಗಳ ನಡುವೆಯೂ ನಿಲ್ಲಲಿಲ್ಲ.

ಅಧ್ಯಾಪಕರು: ಒಳಗೆ ಬಂದ ಮೇಲೆ ತಾಯಿ ಮಾಡುವುದಾದರೂ ಏನು? ಮಗು ಪ್ರಜ್ಞೆಯಿಲ್ಲದೆ ಮಲಗಿರುತ್ತದೆ, ಬಾಯಿಯೊಳಗೆ ಕೊಳವೆ, ಸುತ್ತ ತಂತಿಗಳು. ಅವಳು ಅಲ್ಲಿ ಅಳುತ್ತಾ ನಿಲ್ಲುವುದರಿಂದ ಮಗುವಿಗೆ ಪ್ರಯೋಜನವಿಲ್ಲ, ಅವಳಿಗೂ ಹಿಂಸೆ ಎಂದು ಆಸ್ಪತ್ರೆಯವರು ಹೇಳುತ್ತಾರೆ. ಹೊರಗೆ ಕುಳಿತವರ ಬಾಯಲ್ಲಿ ಕೇಳುವುದೂ ಎರಡೇ ಮಾತು: ಕಣ್ಣು ಬಿಟ್ಟನಾ ಎಂಬ ಪ್ರಶ್ನೆ, ಎಪ್ಪತ್ತೆರಡು ಗಂಟೆ ಕಳೀಬೇಕಂತೆ ಎಂಬ ಉತ್ತರ.

ವೈದ್ಯೆ: ಆ ಎಪ್ಪತ್ತೆರಡು ಗಂಟೆ ವೈದ್ಯರು ನುಣುಚಿಕೊಳ್ಳಲು ಹೇಳುವ ಮಾತು ಎಂದು ಅನೇಕರು ತಿಳಿದಿದ್ದಾರೆ, ಅದಕ್ಕೆ ಕಾರಣವನ್ನು ಬಿಡಿಸಿ ಹೇಳುವವರು ಕಡಿಮೆಯಾಗಿರುವುದರಿಂದ ಹಾಗಾಗಿದೆ. ತಲೆಗೆ ಪೆಟ್ಟು ಬಿದ್ದಾಗ ಮಿದುಳಿಗೆ ಎರಡು ಹಂತದಲ್ಲಿ ಹಾನಿಯಾಗುತ್ತದೆ. ಮೊದಲನೆಯದು ಬಿದ್ದ ಕ್ಷಣದಲ್ಲೇ ಆಗಿಹೋಗುತ್ತದೆ, ಅದನ್ನು ಯಾವ ವೈದ್ಯರೂ ಹಿಂದಕ್ಕೆ ತರಲಾರರು. ಎರಡನೆಯದು ಆಮೇಲಿನ ಗಂಟೆಗಳಲ್ಲಿ, ದಿನಗಳಲ್ಲಿ ಆಗುವುದು: ಮಿದುಳು ಬಾತುಕೊಳ್ಳುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಒಳಗಿನ ಒತ್ತಡ ಏರಿ, ರಕ್ತ ಒಳಕ್ಕೆ ಹರಿಯುವುದೇ ಕಷ್ಟವಾಗುತ್ತದೆ. ನೆತ್ತಿ ಇನ್ನೂ ಕೂಡಿಕೊಳ್ಳದ ಹಸುಗೂಸಿನಲ್ಲಿ ಬುರುಡೆಗೆ ಸ್ವಲ್ಪ ಸಡಿಲವಿರುತ್ತದೆ, ದೊಡ್ಡ ಮಗುವಿಗೆ ಅದೂ ಇಲ್ಲ. ಈ ಊತ ಸಾಮಾನ್ಯವಾಗಿ ಎರಡರಿಂದ ಐದು ದಿನಗಳ ನಡುವೆ ತುದಿ ಮುಟ್ಟುತ್ತದೆ. ತಲೆಯ ಭಾಗವನ್ನು ಸುಮಾರು 30 ಡಿಗ್ರಿ ಎತ್ತರಿಸುವುದು, ನಿದ್ರೆ ಬರಿಸುವ ಮದ್ದು ಕೊಡುವುದು, ವೆಂಟಿಲೇಟರಿನಿಂದ ಉಸಿರನ್ನು ನಿಯಂತ್ರಿಸುವುದು, ಅಗತ್ಯವಾದರೆ ಬುರುಡೆಯ ಒಂದು ತುಂಡನ್ನು ತೆಗೆದಿಟ್ಟು ಮಿದುಳಿಗೆ ಜಾಗ ಮಾಡಿಕೊಡುವುದು, ಇವೆಲ್ಲವೂ ಎರಡನೆಯ ಹಾನಿಯನ್ನು ತಡೆಯುವ ಉಪಾಯಗಳು. ಮಗು ಅಲುಗಾಡದೆ ಮಲಗಿರುವುದು ಬಹಳ ಸಲ ರೋಗದ ಲಕ್ಷಣವಲ್ಲ, ಮದ್ದಿನ ಪರಿಣಾಮ. ಇದನ್ನು ತಂದೆ-ತಾಯಿಗೆ ಹೇಳದೆ ಬಿಟ್ಟರೆ ಅವರು ಮೂರು ದಿನವೂ ಮಗು ಸತ್ತಿರಬಹುದೇ ಎಂಬ ಶಂಕೆಯಲ್ಲೇ ಕಳೆಯುತ್ತಾರೆ.

ಇನ್ನು ತಾಯಿ ಏನು ಮಾಡುತ್ತಾಳೆ ಎಂಬ ಪ್ರಶ್ನೆ. ಪ್ರಜ್ಞೆಯ ಮಟ್ಟವನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಅಳತೆಗೋಲು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ, ಅಂದರೆ ನಿಮ್ಹಾನ್ಸ್ ಈಗಿನ ರೂಪಕ್ಕೆ ಬಂದ ವರ್ಷದಲ್ಲೇ, ಸ್ಕಾಟ್ಲೆಂಡಿನ ಟೀಸ್‌ಡೇಲ್ ಮತ್ತು ಜೆನೆಟ್ ಅದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಪ್ರತಿಕ್ರಿಯೆಗೆ 6, ಹೀಗೆ ಈಗಿನ ರೂಪದಲ್ಲಿ ಒಟ್ಟು 15 ಅಂಕಗಳು. ಏನೂ ಪ್ರತಿಕ್ರಿಯೆ ಇಲ್ಲದವರಿಗೂ 3 ಅಂಕ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಗಾಯ. ಕೈಕಾಲಿನ ಪೂರ್ಣ 6 ಅಂಕ ಸಿಗುವುದು ಹೇಳಿದ್ದನ್ನು ಕೇಳಿ ಮಾಡಿದಾಗ ಮಾತ್ರ: ಕೈ ಎತ್ತು, ಬೆರಳು ಹಿಡಿ, ನಾಲಿಗೆ ತೋರಿಸು. ಈಗ ಯೋಚಿಸಿ. ಬಿ.ಟಿ.ಎಂ. ಲೇಔಟಿನ ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯವರ ಮಗುವಿಗೆ ಬೆಂಗಳೂರಿನ ವೈದ್ಯರು ಇಂಗ್ಲಿಷ್ ಬೆರೆತ ಕನ್ನಡದಲ್ಲಿ ಹೇಳುತ್ತಾರೆ. ಗುರಪ್ಪನಪಾಳ್ಯದ ಮಗುವಿಗೆ ಮನೆಮಾತು ಉರ್ದು, ಪಕ್ಕದ ಹಾಸಿಗೆಯದಕ್ಕೆ ತೆಲುಗು, ಅದರಾಚೆಯದಕ್ಕೆ ಒಡಿಯಾ. ಮಂಪರಿನಿಂದ ಅರೆಬರೆ ಎಚ್ಚರವಾಗುತ್ತಿರುವ ಮಗು ಅಪರಿಚಿತ ದನಿಯಲ್ಲಿ, ಅಪರಿಚಿತ ಭಾಷೆಯಲ್ಲಿ, ಮುಖಗವಸಿನ ಹಿಂದಿನಿಂದ ಬಂದ ಆಜ್ಞೆಯನ್ನು ಪಾಲಿಸುವುದಿಲ್ಲ. ಅದೇ ಮಾತನ್ನು ಅವ್ವ ತನ್ನ ನುಡಿಯಲ್ಲಿ, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಹೇಳಿದರೆ ಬೆರಳು ಹಿಡಿಯುತ್ತದೆ. ಅಂಕ ಐದರಿಂದ ಆರಕ್ಕೆ ಏರುವುದು ಅಲ್ಲಿ. ತಾಯಿ ಹೊರಗಿದ್ದರೆ ಅಳತೆಯೇ ತಪ್ಪುತ್ತದೆ.

ಅಧ್ಯಾಪಕರು: ಇದು ಹೊಸ ವಿಷಯ. ತಾಯಿ ಸಾಂತ್ವನಕ್ಕಾಗಿ ಇರಬೇಕು ಎಂದಷ್ಟೇ ಸಾಮಾನ್ಯವಾಗಿ ವಾದಿಸುತ್ತಾರೆ. ಪರೀಕ್ಷೆ ಸರಿಯಾಗುವುದಕ್ಕೂ ಅವಳು ಬೇಕು ಎಂದು ಯಾರೂ ಹೇಳಿದ್ದಿಲ್ಲ.

ವೈದ್ಯೆ: ಮಗು ಎಡಚ ಎಂಬುದು, ಒಂದು ಕಿವಿ ಮಂದ ಎಂಬುದು, ಹಿಂದೆಂದೋ ಜ್ವರದಲ್ಲಿ ಫಿಟ್ಸ್ ಬಂದಿತ್ತು ಎಂಬುದು, ನೋವಾದರೆ ಅಳದೆ ಹುಬ್ಬು ಗಂಟಿಕ್ಕುತ್ತದೆ ಎಂಬುದು ಕೇಸ್ ಶೀಟಿನಲ್ಲಿ ಇರುವುದಿಲ್ಲ. ಪಾಳಿ ಬದಲಾದಂತೆ ವೈದ್ಯರೂ ದಾದಿಯರೂ ಬದಲಾಗುತ್ತಾರೆ, ನಿನ್ನೆಗೂ ಇವತ್ತಿಗೂ ಹೋಲಿಸಿ ನೋಡುವ ಒಂದೇ ಜೋಡಿ ಕಣ್ಣು ತಂದೆ-ತಾಯಿಯದು. ಇವತ್ತು ಇವಳು ಬೇರೆ ಥರ ಇದಾಳೆ ಎಂದು ತಾಯಿ ಹೇಳಿದರೆ, ಯಂತ್ರದ ಅಂಕಿಗಳೆಲ್ಲ ಸರಿಯಾಗಿದ್ದರೂ ಒಮ್ಮೆ ತಪಾಸಣೆ ಮಾಡಬೇಕೆಂದು ಅನುಭವಿ ವೈದ್ಯರು ಕಿರಿಯರಿಗೆ ಕಲಿಸುತ್ತಾರೆ.

ಮದ್ದಿನ ಮಂಪರಿನಲ್ಲಿ ಮಗುವಿಗೆ ಕೇಳಿಸುತ್ತದೆಯೇ ಎಂಬ ಪ್ರಶ್ನೆಗೆ ಪ್ರತಿ ಮಗುವಿನ ವಿಷಯದಲ್ಲೂ ಖಚಿತ ಉತ್ತರ ಕೊಡಲಾಗದು. ಆದರೆ 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಹೊರನೋಟಕ್ಕೆ ಯಾವ ಪ್ರತಿಕ್ರಿಯೆಯನ್ನೂ ತೋರದ ಒಬ್ಬ ಯುವತಿಗೆ ಟೆನಿಸ್ ಆಡುತ್ತಿರುವುದಾಗಿ ಕಲ್ಪಿಸಿಕೊಳ್ಳಲು ಹೇಳಿ ಮಿದುಳಿನ ಸ್ಕ್ಯಾನ್ ಮಾಡಿದಾಗ, ಆರೋಗ್ಯವಂತರಲ್ಲಿ ಚುರುಕಾಗುವ ಭಾಗವೇ ಅವಳಲ್ಲೂ ಚುರುಕಾಯಿತು. ಹಾಸಿಗೆಯ ಪಕ್ಕದಲ್ಲಿ ಮಾತನಾಡುವವರು ಮಗು ಕೇಳಿಸಿಕೊಳ್ಳುತ್ತಿದೆ ಎಂದೇ ಭಾವಿಸಿ ಮಾತನಾಡಬೇಕು ಎನ್ನಲು ಇಷ್ಟು ಸಾಕು, ಬಿಲ್ಲಿನ ವಿಷಯವನ್ನು, ಉಳಿಯುತ್ತದೋ ಇಲ್ಲವೋ ಎಂಬ ವಿಷಯವನ್ನು ಅಲ್ಲಿ ಆಡಬಾರದು ಎನ್ನಲೂ ಸಾಕು.

ಅಧ್ಯಾಪಕರು: ಬಿಲ್ಲಿನ ಮಾತು ಬಂತು. ಹೊರಗೆ ಕೂತ ತಂದೆ ನಿಜವಾಗಿ ಕೂತಿರುವುದಿಲ್ಲ ಎಂಬುದನ್ನು ಗಮನಿಸಬೇಕು. ರಕ್ತ ಕೊಡುವವರನ್ನು ಹುಡುಕಬೇಕು, ಒಳಗಿನಿಂದ ಬಂದ ಚೀಟಿ ಹಿಡಿದು ಔಷಧ ತರಬೇಕು, ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಬೇಕು, ಓದಲು ಪುರುಸೊತ್ತಿಲ್ಲದ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಬೇಕು, ಅಪಘಾತವಾದ್ದರಿಂದ ಪೊಲೀಸರಿಗೆ ಹೇಳಿಕೆ ಕೊಡಬೇಕು. ರಾಘವಾಂಕನ ಹರಿಶ್ಚಂದ್ರ ಕಾವ್ಯ ಇಲ್ಲಿ ನೆನಪಾಗದೆ ಇರದು. ಹುಲ್ಲು ಸೌದೆಗೆಂದು ಹೋದ ಲೋಹಿತಾಶ್ವನಿಗೆ ಹಾವು ಕಚ್ಚಿದ ಸುದ್ದಿ ತಾಯಿ ಚಂದ್ರಮತಿಗೆ ಮುಟ್ಟುತ್ತದೆ, ಆದರೆ ಮನೆಗೆಲಸ ಮುಗಿಸದೆ ಹೋಗಲು ಒಡೆಯನ ಮನೆಯಲ್ಲಿ ಬಿಡುವುದಿಲ್ಲ. ಕತ್ತಲಾದ ಮೇಲೆ ಹುಡುಕಿಕೊಂಡು ಹೋಗಿ ಮಗನ ದೇಹವನ್ನು ಸುಡುಗಾಡಿಗೆ ತಂದರೆ, ಅಲ್ಲಿ ತೆರಿಗೆ ಕೊಡದೆ ಸುಡಬಾರದು ಎಂದು ತಡೆಯುವವನು ಆ ಮಗುವಿನ ತಂದೆಯೇ. ಮಗುವಿನ ಬಳಿಗೆ ಹೋಗಲು ಧಣಿಯ ಅನುಮತಿ, ಮಗುವನ್ನು ಒಪ್ಪಿಸಲು ಹಣ: ಎಂಟು ಶತಮಾನಗಳ ಹಿಂದಿನ ಕವಿ ತಾಯಿಯ ಮುಂದೆ ನಿಲ್ಲಿಸಿದ ಎರಡು ತಡೆಗಳು ಇವು.

ವೈದ್ಯೆ: ಎರಡೂ ಇಂದಿಗೂ ಇವೆ. ಮೊದಲು ಧಣಿಯ ಅನುಮತಿಯನ್ನೇ ನೋಡೋಣ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಿಗೆ ಇಎಸ್‌ಐ ವಿಮೆ ಇದ್ದರೆ ಮಗುವಿನ ಚಿಕಿತ್ಸೆ ಅದರಲ್ಲಿ ಸೇರುತ್ತದೆ, ಆದರೆ ಕೆಲಸಕ್ಕೆ ಹೋಗದ ದಿನಗಳಿಗೆ ಸಿಗುವ ಅನಾರೋಗ್ಯ ಭತ್ಯೆ ಅವಳೇ ಕಾಯಿಲೆ ಬಿದ್ದರೆ ಮಾತ್ರ ಸಿಗುತ್ತದೆ, ಮಗುವಿನ ಪಕ್ಕ ಕೂತದ್ದಕ್ಕೆ ಸಿಗುವುದಿಲ್ಲ. ಮಹಿಳಾ ಸರ್ಕಾರಿ ನೌಕರರಿಗೆ ಶಿಶುಪಾಲನಾ ರಜೆ ಇದೆ. ಜಯನಗರದ ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ, ಆಟೊ ಓಡಿಸುವವನಿಗೆ, ಗಾರೆ ಕೆಲಸದವನಿಗೆ ಅಂಥದ್ದೇನೂ ಇಲ್ಲ. ಹಾಗಾಗಿ ಐಸಿಯು ಬಾಗಿಲನ್ನು ನಾಳೆಯೇ ತೆರೆದರೂ ಒಳಗೆ ಬಂದು ಕೂರಲು ಆಗುವುದು ಕೂಲಿ ಬಿಟ್ಟರೂ ಒಲೆ ಉರಿಯುವ ಮನೆಯವರಿಗೆ ಮಾತ್ರ. ಬಾಗಿಲು ತೆರೆಯಬೇಕು ಎನ್ನುವವರು ಈ ಮಾತನ್ನು ಮುಚ್ಚಿಡಬಾರದು.

ಅಧ್ಯಾಪಕರು: ಹಣದ ತಡೆಯನ್ನು ಕಾನೂನು ಸ್ವಲ್ಪವಾದರೂ ಸಡಿಲಿಸಿಲ್ಲವೇ?

ವೈದ್ಯೆ: ಸಡಿಲಿಸಿದೆ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಯಾಳುವಿನ ಜೀವ ಉಳಿಸುವುದು ಮೊದಲು, ಪೊಲೀಸ್ ವಿಧಿಗಳು ಆಮೇಲೆ ಎಂದಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ, ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಬಾರದು, ಬಾಕಿಗಾಗಿ ಮೃತದೇಹವನ್ನು ತಡೆಹಿಡಿಯಬಾರದು ಎನ್ನುತ್ತದೆ; ಚಂದ್ರಮತಿಯ ಮುಂದಿದ್ದ ತಡೆಗೆ ಉತ್ತರ ಬರೆಯಲು ಅಷ್ಟು ಕಾಲ ಹಿಡಿಯಿತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಪ್ರಾಣ ಬಿಡುವ ಹೊತ್ತಿನಲ್ಲೂ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದ ಹರೀಶ್ ಎಂಬ ಯುವಕನ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸಾಂತ್ವನ ಯೋಜನೆ, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿ ಕೊಡುವುದಾಗಿ ಹೇಳಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಏಳು ದಿನಗಳವರೆಗೆ ಒಬ್ಬ ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿ ಮಿತಿ ಇದೆ. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಮಿದುಳಿನ ಊತ ಇಳಿಯುವುದಕ್ಕೇ ಐದಾರು ದಿನ ಬೇಕು, ಆಮೇಲೆ ವೆಂಟಿಲೇಟರಿನಿಂದ ಬಿಡಿಸುವುದು, ನ್ಯುಮೋನಿಯಾ ಬಂದರೆ ಅದರ ಚಿಕಿತ್ಸೆ, ಎಷ್ಟೋ ಮಕ್ಕಳಿಗೆ ವಾರಗಟ್ಟಲೆ ಹಿಡಿಯುತ್ತದೆ. ಯೋಜನೆಯ ದಿನಗಳು ಮುಗಿದಾಗ ರೋಗದ ದಿನಗಳು ಮುಗಿದಿರುವುದಿಲ್ಲ, ಆಗ ತಂದೆ ಊರಿನ ಜಮೀನಿನ ವಿಷಯ ಫೋನಿನಲ್ಲಿ ಮಾತನಾಡಲು ಶುರು ಮಾಡುತ್ತಾನೆ. ಮನೆಯ ಮೇಲೆ ಬಿದ್ದ ಆ ಭಾರವನ್ನು ಇಳಿಸದೆ ಸಾಂತ್ವನದ ಮಾತು ಆಡುವುದು ಅರ್ಧ ಚಿಕಿತ್ಸೆ.

ಅಧ್ಯಾಪಕರು: ಸ್ಕೂಟರ್ ಓಡಿಸುತ್ತಿದ್ದವನು ತಂದೆಯೇ ಆಗಿದ್ದರೆ?

ವೈದ್ಯೆ: ಈ ಊರಿನಲ್ಲಿ ಅದು ಅಪರೂಪವಲ್ಲ. ಮಗುವನ್ನು ಮುಂದೆ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು, ಹೆಲ್ಮೆಟ್ ಹಾಕದೆ, ಎರಡು ಬೀದಿಯಾಚೆಯ ಶಾಲೆಗೆ ಬಿಡಲು ಹೊರಡುವುದನ್ನು ಜೆ.ಪಿ. ನಗರದ ಯಾವ ಸಿಗ್ನಲ್ಲಿನಲ್ಲಾದರೂ ಬೆಳಿಗ್ಗೆ ನೋಡಬಹುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಅಲ್ಲದೆ ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿಯೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಲೋಕದಲ್ಲಿ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಗಾಯಗಳೇ ಮೊದಲ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಿಯಮ ಸುಮ್ಮನೆ ಬಂದದ್ದಲ್ಲ. ಆದರೆ ಐಸಿಯು ಮುಂದೆ ಅದೇ ಬಟ್ಟೆಯಲ್ಲಿ, ಮೊಣಕೈ ತರಚಿಕೊಂಡು ಕುಳಿತಿರುವ ತಂದೆಗೆ ಆ ನಿಯಮವನ್ನು ಹೇಳುವ ಅಗತ್ಯ ಯಾರಿಗೂ ಇಲ್ಲ, ಅವನು ಅದನ್ನು ತನಗೆ ತಾನೇ ಹೇಳಿಕೊಳ್ಳುತ್ತಿರುತ್ತಾನೆ. ಅಜಾಗರೂಕ ಚಾಲನೆಯ ದೂರು ಅವನ ಮೇಲೇ ದಾಖಲಾಗಬಹುದು. ಒಳಗಿರುವ ಮಗುವಿನ ತಂದೆ ಹೊರಗೆ ಆರೋಪಿ. ಇಂಥ ತಂದೆಯರು ಒಳಗೆ ಬಿಟ್ಟರೂ ಹೋಗುವುದಿಲ್ಲ, ನೀನೇ ಹೋಗು ಎಂದು ಹೆಂಡತಿಯನ್ನು ಕಳಿಸುತ್ತಾರೆ. ಅವರನ್ನು ಗುರುತಿಸಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವುದು ಸಿಬ್ಬಂದಿಯ ಕೆಲಸಗಳಲ್ಲಿ ಒಂದಾಗಬೇಕು.

ಅಧ್ಯಾಪಕರು: ಗಂಡ-ಹೆಂಡಿರ ನಡುವೆ ಆಗ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಬೇಂದ್ರೆಯವರಷ್ಟು ನೇರವಾಗಿ ನೋಡಿದವರು ಕಡಿಮೆ. ಮಗುವಿನ ಸಾವಿನ ಹೊತ್ತಿನಲ್ಲಿ ಪತ್ನಿಯ ನೋಟವನ್ನು ಎದುರಿಸಲಾರದ ಪತಿಯ ಕವಿತೆಯೊಂದನ್ನು ಅವರು ಬರೆದಿದ್ದಾರೆ; ಅನೇಕ ಮಕ್ಕಳನ್ನು ಕಳೆದುಕೊಂಡ ಮನೆ ಅವರದು. ದುಃಖ ಇಬ್ಬರದೂ ಒಂದೇ ಆದರೂ ಒಬ್ಬರ ಮುಖ ಇನ್ನೊಬ್ಬರಿಗೆ ಪ್ರಶ್ನೆಯಾಗಿ ಕಾಣುತ್ತದೆ ಎಂಬುದು ಅದರ ಒಳಗಿರುವ ಕಟುಸತ್ಯ.

ಇಲ್ಲಿ ಹರಕೆಗಳ ಬಗೆಗೂ ಒಂದು ಮಾತು ಸೇರಬೇಕು. ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರುವ ಅಜ್ಜಿ, ರಾಗಿಗುಡ್ಡದ ಆಂಜನೇಯನಿಗೆ ಹೇಳಿಕೊಂಡ ತಂದೆ, ಗುರುವಾರ ವಿವೇಕನಗರದ ಬಾಲಯೇಸುವಿನ ಸನ್ನಿಧಿಗೆ ಹೋದ ನೆರೆಮನೆಯಾಕೆ, ದರ್ಗಾದಿಂದ ದಾರ ತಂದ ಚಿಕ್ಕಪ್ಪ, ಇವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಪ್ರಸಾದದ ಕುಂಕುಮವನ್ನು ಒಳಗಿನ ಮಗುವಿನ ಹಣೆಗೆ ಇಡಿ ಎಂದು ಸಿಸ್ಟರನ್ನು ಬೇಡುವುದನ್ನು ಮೂಢನಂಬಿಕೆ ಎಂದು ತಳ್ಳುವುದು ಸುಲಭ. ಏನೂ ಮಾಡಲಾಗದ ಸ್ಥಿತಿಯಲ್ಲಿ ಕೈಗೆ ಸಿಕ್ಕ ಒಂದು ಕೆಲಸ ಅದು, ಅವರಿಗೆ ಬೇರೆ ಕೆಲಸವನ್ನು ಆಸ್ಪತ್ರೆ ಕೊಟ್ಟಿಲ್ಲ.

ವೈದ್ಯೆ: ಕೊಡಬಹುದು. ತುಟಿಗೆ ಒದ್ದೆ ಹತ್ತಿ ಸವರುವುದು, ಕಣ್ಣು ಒಣಗದಂತೆ ದಾದಿ ಹೇಳಿದ ಹಾಗೆ ಮುಲಾಮು ಹಚ್ಚುವುದು, ಕಾಲುಗಳಿಗೆ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಯವರ ಜೊತೆ ಕಲಿಯುವುದು, ಬೆಳಿಗ್ಗೆ ರೌಂಡ್ಸಿನಲ್ಲಿ ನಿಂತು ನಿನ್ನೆ ಕಂಡದ್ದನ್ನು ಹೇಳುವುದು. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ತಂದೆ-ತಾಯಿ ಮಕ್ಕಳ ವಾರ್ಡಿಗೆ ಬರುವುದನ್ನು ಬಹಳ ಕಟ್ಟುನಿಟ್ಟಾಗಿ ತಡೆಯುತ್ತಿದ್ದರು. ತಾಯಿ ಹೋದ ಮೇಲೆ ಮಗು ಅಳು ನಿಲ್ಲಿಸಿದರೆ ಹೊಂದಿಕೊಂಡಿತು ಎಂದುಕೊಳ್ಳುತ್ತಿದ್ದರು. ಅದು ಹೊಂದಿಕೆಯಲ್ಲ, ಹತಾಶೆ ಎಂದು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಎರಡು ವರ್ಷದ ಮಗುವೊಂದರ ಆಸ್ಪತ್ರೆವಾಸವನ್ನು ಚಲನಚಿತ್ರವಾಗಿ ತೆಗೆದು ತೋರಿಸಿದರು; 1959ರ ಪ್ಲಾಟ್ ವರದಿ ತಂದೆ-ತಾಯಿಯ ಭೇಟಿಗೆ ಹೊತ್ತಿನ ಮಿತಿ ಇರಬಾರದೆಂದು ಶಿಫಾರಸು ಮಾಡಿತು. ವೈದ್ಯರೂ ದಾದಿಯರೂ ಅಲ್ಲೂ ವಿರೋಧಿಸಿದರು, ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು.

ಅಧ್ಯಾಪಕರು: ಮಗು ಉಳಿಯುವುದಿಲ್ಲ ಎಂದು ತಿಳಿದಾಗಲೂ ತಂದೆ-ತಾಯಿ ಒಳಗಿರಬೇಕೇ? ಎದೆ ಅದುಮುವುದನ್ನು, ಶಾಕ್ ಕೊಡುವುದನ್ನು ಹೆತ್ತವರ ಕಣ್ಣ ಮುಂದೆ ಮಾಡಬೇಕೇ?

ವೈದ್ಯೆ: ಇರಬೇಕು ಎಂದು ಯಾರನ್ನೂ ಒತ್ತಾಯಿಸಬಾರದು, ಇರಬೇಕು ಎನ್ನುವವರನ್ನು ತಡೆಯಲೂಬಾರದು, ಪಕ್ಕದಲ್ಲಿ ನಿಂತು ನಡೆಯುತ್ತಿರುವುದನ್ನು ಮೆಲ್ಲಗೆ ಹೇಳಲು ಒಬ್ಬರು ಸಿಬ್ಬಂದಿ ಇರಬೇಕು. ಅಮೆರಿಕದ ಮಿಷಿಗನ್ನಿನ ಫೂಟ್ ಆಸ್ಪತ್ರೆ 1982ರಲ್ಲೇ ಇದನ್ನು ಆರಂಭಿಸಿತು. ಕೊನೆಯವರೆಗೂ ಎಲ್ಲ ಪ್ರಯತ್ನವನ್ನೂ ಮಾಡಿದರು ಎಂಬುದನ್ನು ಕಣ್ಣಾರೆ ಕಂಡವರಿಗೆ, ಒಳಗೆ ಏನಾಯಿತೋ ಎಂಬ ಪ್ರಶ್ನೆ ಜೀವಮಾನವಿಡೀ ಉಳಿಯುವುದಿಲ್ಲ.

ಇದಕ್ಕಿಂತ ಕಠಿಣವಾದದ್ದು ಮಿದುಳುಕಾಂಡದ ಸಾವು. ಉಸಿರಾಟವನ್ನು ನಡೆಸುವ ಮಿದುಳಿನ ಬುಡದ ಭಾಗ ಮರಳಿ ಬಾರದಂತೆ ನಿಂತುಹೋದರೂ ವೆಂಟಿಲೇಟರಿನಿಂದ ಎದೆ ಏರಿಳಿಯುತ್ತದೆ, ಹೃದಯ ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಇದನ್ನು ದೃಢಪಡಿಸಬೇಕು, ಆರು ಗಂಟೆಗಳ ಅಂತರದಲ್ಲಿ ಪರೀಕ್ಷೆಗಳನ್ನು ಎರಡು ಬಾರಿ ಮಾಡಬೇಕು. ಹದಿನೆಂಟು ತುಂಬದ ಮಗುವಾದರೆ ಅಂಗದಾನಕ್ಕೆ ಒಪ್ಪಿಗೆ ಕೊಡುವ ಅಧಿಕಾರ ತಂದೆ ಅಥವಾ ತಾಯಿಯದು. ಬೆಚ್ಚಗಿನ ಕೈಯನ್ನು ಹಿಡಿದುಕೊಂಡೇ ಮಗು ಇಲ್ಲ ಎಂಬುದನ್ನು ಒಪ್ಪಬೇಕು. 2021ರ ಜೂನ್ 12ರ ರಾತ್ರಿ ಜೆ.ಪಿ. ನಗರದಲ್ಲಿ ಬೈಕ್ ಅಪಘಾತಕ್ಕೆ ಒಳಗಾದ ನಟ ಸಂಚಾರಿ ವಿಜಯ್ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಲ್ಲಿದ್ದಾಗ, ಮಿದುಳು ನಿಷ್ಕ್ರಿಯವಾಗಿದೆ, ಆದರೆ ಹೃದಯ ಮಿಡಿಯುತ್ತಿದೆ ಎಂಬ ಸುದ್ದಿಯನ್ನು ಇಡೀ ಕರ್ನಾಟಕವೇ ಕೇಳಿತು, ಎಷ್ಟೋ ಮನೆಗಳಲ್ಲಿ ಇನ್ನೂ ಉಳಿಯಬಹುದಲ್ಲವೇ ಎಂದು ಕೇಳಿಕೊಂಡರು. ಅವರ ಕುಟುಂಬ ಅಂಗಾಂಗಗಳನ್ನು ದಾನ ಮಾಡಿತು. ದೂರದಿಂದ ಕೇಳಿದವರಿಗೇ ನಂಬಲು ಅಷ್ಟು ಕಷ್ಟವಾದರೆ, ಹೆತ್ತವರಿಗೆ ಕಾಗದದ ಮೇಲೆ ಬರೆದು ತೋರಿಸಿದರೆ ಸಾಲದು. ಹೊರಗೆ ಇದ್ದುಕೊಂಡು, ದಿನಕ್ಕೆರಡು ಸಲ ಇಣುಕಿ, ಮೂರನೆಯ ದಿನ ಕೌನ್ಸೆಲಿಂಗ್ ಕೋಣೆಗೆ ಕರೆಸಿಕೊಂಡವರು ಇದು ಮೋಸವೇ ಎಂದು ಶಂಕಿಸಿದರೆ ತಪ್ಪು ಅವರದಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿದ್ದು, ಯಂತ್ರವನ್ನು ಬಿಡಿಸಿದಾಗ ಎದೆ ಏಳದಿರುವುದನ್ನು ತಾವೇ ನೋಡಿದವರಿಗೆ ವೈದ್ಯರ ಮಾತು ಅರ್ಥವಾಗುತ್ತದೆ.

ಅಧ್ಯಾಪಕರು: ಬದುಕಿ ಮನೆಗೆ ಮರಳಿದ ಮಕ್ಕಳ ತಂದೆ-ತಾಯಿಯ ಕಾವಲು ಡಿಸ್‌ಚಾರ್ಜ್ ದಿನ ಮುಗಿಯುತ್ತದೆಯೇ?

ವೈದ್ಯೆ: ಇಲ್ಲ. ಐಸಿಯುವಿನಿಂದ ಬಂದ ಮಕ್ಕಳಲ್ಲಿ ಕೆಲವರಿಗೆ ನಿದ್ದೆಗೇಡು, ಭಯ, ಕಲಿಕೆಯಲ್ಲಿ ಹಿಂಜರಿತ, ಮುಂಗೋಪ ಉಳಿಯುತ್ತವೆ. ಇವನ್ನು ಒಟ್ಟಾಗಿ ತೀವ್ರ ನಿಗಾ ನಂತರದ ಲಕ್ಷಣಕೂಟ ಎಂದು ಈಗ ವೈದ್ಯರು ಗುರುತಿಸುತ್ತಾರೆ, ತಂದೆ-ತಾಯಿಯನ್ನೂ ಒಡಹುಟ್ಟಿದವರನ್ನೂ ಅದರ ವ್ಯಾಪ್ತಿಯೊಳಗೆ ಸೇರಿಸುತ್ತಾರೆ. ಯಾವುದೋ ಅಂಗಡಿಯಲ್ಲಿ ಯಂತ್ರವೊಂದು ಬೀಪ್ ಎಂದರೆ ಬೆಚ್ಚುವ ತಾಯಿ, ಸ್ಕೂಟರನ್ನು ಮಾರಿಬಿಟ್ಟ ತಂದೆ, ಅಜ್ಜಿಯ ಮನೆಯಲ್ಲಿ ತಿಂಗಳುಗಟ್ಟಲೆ ಬಿಟ್ಟಿದ್ದರಿಂದ ಮೌನವಾದ ತಂಗಿ, ಇವರಾರೂ ರೋಗಿಗಳ ಪಟ್ಟಿಯಲ್ಲಿ ಇರುವುದಿಲ್ಲ. ಮರುತಪಾಸಣೆಯ ಚೀಟಿಯಲ್ಲಿ ಮಗುವಿನ ಹೆಸರು ಮಾತ್ರ ಇರುತ್ತದೆ. ಬೆಂಗಳೂರಿಗೆ ಈ ವಿಷಯದಲ್ಲಿ ಅನೇಕ ಊರುಗಳಿಗೆ ಇಲ್ಲದ ಅನುಕೂಲವಿದೆ: ನಿಮ್ಹಾನ್ಸಿನ ಆವರಣದಲ್ಲಿ ತಲೆಯ ಗಾಯವನ್ನು ನೋಡುವವರೂ ಮನಸ್ಸಿನ ಗಾಯವನ್ನು ನೋಡುವವರೂ ಒಂದೇ ಗೇಟಿನ ಒಳಗಿದ್ದಾರೆ, ಮಕ್ಕಳ ಮನೋವೈದ್ಯವೂ ಪುನರ್ವಸತಿಯೂ ಅಲ್ಲೇ ಇವೆ. ನಗರದ ಯಾವ ಆಸ್ಪತ್ರೆಯ ಐಸಿಯುವಿನಿಂದ ಮಗು ಮನೆಗೆ ಹೋದರೂ ಆ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು: ತಾಯಿಗೆ, ತಂದೆಗೆ, ಮನೆಯಲ್ಲಿರುವ ಇತರ ಮಕ್ಕಳಿಗೆ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಒಂದು ವರ್ಷಕ್ಕೆ ತಪಾಸಣೆ. ಬಾಗಿಲ ನಿಯಮವನ್ನು ಬದಲಿಸಲು ಕಟ್ಟಡ ಬೇಕು, ಹೆಚ್ಚು ದಾದಿಯರು ಬೇಕು, ಹಣ ಬೇಕು ಎಂಬ ವಾದಕ್ಕೆ ಉತ್ತರ ಹುಡುಕುತ್ತಲೇ ಇರೋಣ. ಈ ಸಾಲನ್ನು ಬರೆಯಲು ಪೆನ್ನು ಸಾಕು, ಅದನ್ನು ನಾಳೆ ಬೆಳಗಿನ ಡಿಸ್‌ಚಾರ್ಜಿನಿಂದಲೇ ಆರಂಭಿಸಬಹುದು.